ಮುತ್ತಂಗ ಗಡಿಯ ಆಚೆ ಕಾರು ಗುದ್ದಿದರೆ ಕೇಸು ಎಲ್ಲಿ ಹಾಕೋದು?

ಶುಂಠಿ ಕೀಳೋಕೆ, ಕಾಫಿ ಕುಯ್ಲಿಗೆ ಅಂತ ಗುಂಡ್ಲುಪೇಟೆ, ಎಚ್‌.ಡಿ. ಕೋಟೆ ಕಡೆಯಿಂದ ವಯನಾಡಿಗೆ ಹೋಗೋರಿಗೆ ಈ ಮಾತು. ಸಂಜೆ ಕೆಲಸ ಬಿಟ್ಟ ಮೇಲೆ ಅಂಗಡಿಗೆ ಅಂತ ಬತ್ತೇರಿ ಕಡೆಯ 766ನೇ ಹೆದ್ದಾರಿ ಅಂಚಲ್ಲಿ ನಡ್ಕೊಂಡು ಹೋಗ್ತಿರ್ತೀರಿ. ಹಿಂದಿನಿಂದ ಕಾರು ಬಂದು ಗುದ್ದತ್ತೆ. ಕಾಲು ಮುರೀತು. ಆಗ ತಲೇಲಿ ಬರೋದು ಒಂದೇ: "ಕೇರಳದ ಕೋರ್ಟಿಗೆ ಯಾರು ಅಲೀತಾರೆ, ಭಾಷೆ ಬೇರೆ ಬರಲ್ಲ."

ಅಲೀಬೇಕಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ, ಅಪಘಾತ ಆದ ಜಾಗದಲ್ಲೂ ಪರಿಹಾರಕ್ಕೆ ಅರ್ಜಿ ಹಾಕಬಹುದು, ನೀವು ವಾಸ ಇರೋ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಆಯ್ಕೆ ನಿಮ್ಮದು. ನಮ್ಮ ವಕೀಲರು ಎಂವಿಸಿ ಕೇಸು ಅಂತಾರಲ್ಲ, ಅದು ಇದೇ. ಚಾಮರಾಜನಗರದಲ್ಲೋ ಮೈಸೂರಲ್ಲೋ ಹಾಕಿ, ಕನ್ನಡದಲ್ಲೇ ಸಾಕ್ಷಿ ಹೇಳಬಹುದು.

ಆದರೆ ಕೇಸು ಇಲ್ಲಿ ನಡೆದರೂ ಅದರ ಕಾಗದ ಹುಟ್ಟೋದು ಅಲ್ಲೇ. ನಮ್ಮ ಜನ ಸೋಲೋದೂ ಅಲ್ಲೇ ಅಂತ ನನ್ನ ಅನಿಸಿಕೆ.

ಆಸ್ಪತ್ರೆಯಿಂದಲೇ ಶುರು ಮಾಡೋಣ. ಕ್ಯಾಷುವಾಲಿಟೀಲಿ ಡಾಕ್ಟರು ಕೇಳ್ತಾರೆ, ಏನಾಯ್ತು? ಕರ್ಕೊಂಡು ಬಂದ ಕಾರಿನವರು "ಬಿದ್ದುಬಿಟ್ಟ" ಅಂದರೆ, ರಿಜಿಸ್ಟರಿನಲ್ಲಿ ಅದೇ ಬೀಳತ್ತೆ. ಮುಂದೆ ವೂಂಡ್ ಸರ್ಟಿಫಿಕೇಟಿನಲ್ಲೂ ಅದೇ. ಎರಡು ವರ್ಷ ಆದಮೇಲೆ ಇನ್ಶೂರೆನ್ಸ್ ವಕೀಲರು ಆ ಒಂದು ಸಾಲು ಹಿಡ್ಕೊಂಡು, "ಇದು ಕಾರು ಗುದ್ದಿದ್ದಲ್ಲ, ಜಾರಿ ಬಿದ್ದಿದ್ದು" ಅಂತ ವಾದ ಮಾಡ್ತಾರೆ. ಹಾಗಾಗಿ ನೋವಲ್ಲೂ "ಕಾರು ಗುದ್ದಿತು" ಅನ್ನಿ, ನಂಬರ್ ಗೊತ್ತಿದ್ದರೆ ಹೇಳಿ. ಬರೆದಿದ್ದನ್ನ ಜೊತೇಲಿದ್ದವರು ಓದಿಸ್ಕೊಳ್ಳಲಿ. ಇನ್ನೊಂದು, ಮೂಳೆ ಮುರಿದಿದೆ ಅಂತ ಸೀದಾ ಊರಿಗೆ ಬಂದು ನಾಟಿ ವೈದ್ಯರ ಹತ್ರ ಕಟ್ಟು ಹಾಕಿಸ್ಕೊಳ್ಳೋರು ಇದಾರೆ. ಕಾಲು ಕೂಡಬಹುದು, ಆದರೆ ಎಕ್ಸ್‌ರೇ ಇಲ್ಲ ಅಂದರೆ ಕೋರ್ಟಿಗೆ ಆ ಮುರಿತವೇ ಇಲ್ಲ. ಊರ ಕಡೆಯ ಆಸ್ಪತ್ರೆಗೇ ಬರೋದಾದರೆ, ರಾತ್ರಿ ಒಂಬತ್ತಕ್ಕೆ ಬಂಡೀಪುರ ಗೇಟು ಹಾಕ್ತಾರೆ ಅಂತಲೂ ಗಾಬರಿ ಬೇಡ, ಆಂಬುಲೆನ್ಸಿಗೆ ತಡೆ ಇಲ್ಲ.

ಕಾರಿನವರು ಸಾಮಾನ್ಯವಾಗಿ ಒಳ್ಳೇ ಮಾತೇ ಆಡ್ತಾರೆ. "ಖರ್ಚು ನಾನೇ ನೋಡ್ಕೋತೀನಿ, ಕಂಪ್ಲೇಂಟ್ ಬೇಡ" ಅಂತಾರೆ. ಮೊದಲ ಬಿಲ್ಲು ಕಟ್ಟಿ ಫೋನು ಎತ್ತೋದು ನಿಲ್ಲಿಸ್ತಾರೆ. ಅವರ ಜೇಬಿನಿಂದಲೇ ಹೋಗಬೇಕು ಅಂತಲೂ ಇಲ್ಲ ಕಣ್ರೀ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಅದು ಇರೋದೇ ನಿಮ್ಮಂಥ ದಾರಿಹೋಕರಿಗೆ. ಆ ದುಡ್ಡು ಹೊರಗೆ ಬರಬೇಕು ಅಂದರೆ ಅಪಘಾತ ಆದ ಜಾಗದ ಸ್ಟೇಷನ್ನಿನಲ್ಲಿ ಎಫ್‌ಐಆರ್ ಆಗಲಿ. ಅದರ ಪ್ರತಿಯನ್ನ ಪೊಲೀಸರು ಪುಕ್ಕಟೆ ಕೊಡಬೇಕು. ಹೇಳಿಕೆ ಮಲಯಾಳದಲ್ಲಿ ಬರ್ಕೊಂಡರೆ, ಎರಡೂ ಭಾಷೆ ಬಲ್ಲವರಿಂದ ಅರ್ಥ ಹೇಳಿಸ್ಕೊಂಡು ಆಮೇಲೆ ಸಹಿ ಹಾಕಿ. ಮಹಜರು, ಚಾರ್ಜ್‌ಶೀಟ್ ಆಮೇಲೆ ಬರತ್ತೆ, ವಕೀಲರು ತರಿಸ್ಕೋತಾರೆ.

"ರಸ್ತೆ ದಾಟುವಾಗ ನಾನೂ ನೋಡಲಿಲ್ಲ" ಅಂತ ಹಿಂಜರೀಬೇಡಿ. ನಿಮ್ಮದೂ ತಪ್ಪಿದ್ದರೆ ಅಷ್ಟು ಪಾಲು ಪರಿಹಾರ ಕಡಿಮೆ ಮಾಡ್ತಾರೆ, ಪೂರ್ತಿ ಹೊಡೆದುಹಾಕಲ್ಲ.

ಅವಧಿ ವಿಚಾರ. ಅಪಘಾತ ಆದ ಆರು ತಿಂಗಳ ಒಳಗೆ ಅರ್ಜಿ ಹಾಕಬೇಕು ಅನ್ನೋ ನಿಯಮ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಇದನ್ನ ಪ್ರಶ್ನೆ ಮಾಡಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ತಡ ಆಯ್ತು ಅನ್ನೋ ಕಾರಣಕ್ಕೆ ಸದ್ಯ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶವೂ ಬಂತು. ಅದನ್ನ ನಂಬ್ಕೊಂಡು ಕೂರಬೇಡಿ.

ಗುದ್ದಿದ ಗಾಡಿ ಯಾವುದು ಅಂತಲೇ ಪತ್ತೆ ಇಲ್ಲದಿದ್ದರೆ ದಾರಿ ಬೇರೆ. ಕೇಂದ್ರದ ಯೋಜನೇಲಿ ತೀವ್ರ ಗಾಯಕ್ಕೆ 50,000 ರೂಪಾಯಿ, ಸಾವಾದರೆ 2 ಲಕ್ಷ. ಇದಕ್ಕೆ ಮಾತ್ರ ಅಪಘಾತ ನಡೆದ ತಾಲ್ಲೂಕಿನ ಅಧಿಕಾರಿಗೇ ಅರ್ಜಿ ಕೊಡಬೇಕು, ಅಂದರೆ ವಯನಾಡಿನಲ್ಲೇ.

ವಕೀಲರ ಖರ್ಚು? ಆಸ್ಪತ್ರೆ ಬಾಗಿಲಲ್ಲೇ "ಬಂದಿದ್ದರಲ್ಲಿ ಇಷ್ಟು ಪರ್ಸೆಂಟ್ ಕೊಡಿ" ಅನ್ನೋ ಏಜೆಂಟರು ಸಿಕ್ತಾರೆ. ವಕೀಲರು ಪರಿಹಾರದಲ್ಲಿ ಪಾಲು ಕೇಳೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನ ಕೊಡತ್ತೆ. ಕಲ್ಪೆಟ್ಟದಲ್ಲೂ ಇದೆ, ಚಾಮರಾಜನಗರದಲ್ಲೂ ಇದೆ. 15100ಕ್ಕೆ ಫೋನ್ ಮಾಡಿ.

ಕೊನೇದು, ಕೂಲಿ. ಸಂಬಳದ ಚೀಟಿ ಇಲ್ಲ ಅಂತ ಆದಾಯ ಕಮ್ಮಿ ಹಿಡಿಯೋದು ಕೋರ್ಟಿನಲ್ಲಿ ಮಾಮೂಲು. ಕರ್ನಾಟಕದ ಕೂಲಿಯೊಬ್ಬರ ಪ್ರಕರಣದಲ್ಲಿ ತಿಂಗಳಿಗೆ 4,500 ಅಂತ ಅವರು ಹೇಳಿದ್ದನ್ನ ಕೆಳಗಿನ ಕೋರ್ಟಿನಲ್ಲಿ 3,000ಕ್ಕೆ ಇಳಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು 4,500ನ್ನೇ ಒಪ್ಪಿತು. ನಿಮ್ಮ ಮೇಸ್ತ್ರಿ ಹತ್ರ ಬಟವಾಡೆ ಬರೆಯೋ ನೋಟ್‌ಬುಕ್ ಇರತ್ತಲ್ಲ, ನಿಮ್ಮ ಹೆಸರು, ದಿನ, ದುಡ್ಡು ಇರೋ ಪುಟಗಳ ಫೋಟೋ ಹೊಡ್ಕೊಳ್ಳಿ. ಸೀಜನ್ ಮುಗಿದರೆ ಮೇಸ್ತ್ರಿಯೂ ಸಿಗಲ್ಲ, ಪುಸ್ತಕವೂ ಸಿಗಲ್ಲ.