ಹುರಿದುಂಬಿಸುವುದು ಎಂದರೇನು?

‘ಹುರಿದುಂಬಿಸು’ ನಮ್ಮ ಅಚ್ಚಗನ್ನಡ ಪದ. ಹುರಿ, ತುಂಬಿಸು ಎರಡೂ ಸೇರಿ ಆದದ್ದು. ಆದೇಶ ಸಂಧಿಯಿಂದ ತಕಾರ ದಕಾರವಾಗಿದೆ. ಹುರಿ ಎಂದರೆ ಎಳೆಗಳನ್ನು ಹೊಸೆದಾಗ ಬರುವ ಬಿಗಿ. ಬಲ, ಕಸುವು ಎಂಬ ಅರ್ಥವೂ ಅದಕ್ಕಿದೆ. ‘ಹುರಿಗಟ್ಟಿದ ಮೈ’ ಎನ್ನುತ್ತೇವಲ್ಲ, ಅದೇ ಹುರಿ.

ಬಿಡಿ ನಾರನ್ನು ಎಳೆದರೆ ಕಿತ್ತುಹೋಗುತ್ತದೆ. ಅವೇ ನಾರುಗಳನ್ನು ಹೊಸೆದರೆ ಒಂದನ್ನೊಂದು ಬಿಗಿಹಿಡಿದು ಭಾರ ಹೊರುತ್ತವೆ. ಜಲಾಶಯದ ಗೇಟು ಎತ್ತುವ ಉಕ್ಕಿನ ಹಗ್ಗವೂ ಹೀಗೆ ಹೊಸೆದದ್ದೇ. ಬಲ ನಾರಿನಲ್ಲೇ ಇತ್ತು. ಹುರಿ ಅದನ್ನು ಒಗ್ಗೂಡಿಸಿತು.

12ನೆಯ ಶತಮಾನದಲ್ಲಿ ಹಗ್ಗ ಹೊಸೆದು ದಾಸೋಹ ನಡೆಸಿದ ನುಲಿಯ ಚಂದಯ್ಯನವರಿಗೆ ಈ ಮರ್ಮ ಕೈಯಲ್ಲೇ ತಿಳಿದಿತ್ತು. ಅನುಭಾವಗೋಷ್ಠಿಯಲ್ಲಿ ಮೈಮರೆತಿದ್ದ ಆಯ್ದಕ್ಕಿ ಮಾರಯ್ಯನವರಿಗೆ ಕಾಯಕವನ್ನು ನೆನಪಿಸಿ ಎಬ್ಬಿಸಿದವರು ಪತ್ನಿ ಲಕ್ಕಮ್ಮ. ಹೊಗಳಿಕೆಯ ಒಂದು ಮಾತೂ ಅಲ್ಲಿರಲಿಲ್ಲ. ಆದರೂ ಅದು ಹುರಿದುಂಬಿಸುವುದೇ.

ಹೆಚ್ಚು ಅಂಕ ಗಳಿಸಿದ ಮಕ್ಕಳಿಗೆ ಮಠದಲ್ಲಿ ಶಾಲು ಹೊದಿಸುತ್ತೇವೆ, ಒಳ್ಳೆಯದೇ. ಫೇಲಾಗಿ ಮೂಲೆ ಹಿಡಿದು ಕೂತ ಮಗುವಿನ ಮನೆಗೆ ಯಾರು ಹೋಗುತ್ತೇವೆ? ಹುರಿ ಬೇಕಾದದ್ದು ಸಡಿಲಾದ ಎಳೆಗೆ. ಈ ವರ್ಷ ಒಬ್ಬೊಬ್ಬರೂ ಅಂಥ ಒಂದು ಮಗುವಿನ ಬೆನ್ನಿಗೆ ನಿಲ್ಲೋಣ.