ಸಿದ್ಧ ವೈದ್ಯ ಪದ್ಧತಿ ಮತ್ತು ಹೊಲದ ನೆಲನೆಲ್ಲಿ



ಮುಂಗಾರು ಮಳೆ ಬಿದ್ದ ಮೇಲೆ ಹೊಲದಲ್ಲಿ ಕಳೆ ಕೀಳುವಾಗ ಗೇಣುದ್ದದ ಒಂದು ಸಣ್ಣ ಗಿಡ ಎಲ್ಲರ ಕೈಗೂ ಸಿಗುತ್ತದೆ. ಇದರ ಎಲೆ ನೋಡಲು ಹುಣಸೆ ಎಲೆಯಂತಿರುತ್ತದೆ. ಕಡ್ಡಿಯನ್ನು ತಿರುವಿ ನೋಡಿದರೆ ಎಲೆಗಳ ಕೆಳಗೆ ಸಾಸಿವೆ ಗಾತ್ರದ ಹಸಿರು ಕಾಯಿಗಳು ಸಾಲಾಗಿ ಕಾಣುತ್ತವೆ. ಇದೇ ನೆಲನೆಲ್ಲಿ, ಕೆಲವು ಕಡೆ ಕಿರುನೆಲ್ಲಿ ಎಂದೂ ಕರೆಯುತ್ತಾರೆ. ತಮಿಳಿನಲ್ಲಿ ಇದಕ್ಕೆ ಕೀಳಾನೆಲ್ಲಿ ಎಂದು ಹೆಸರು. ಎಲೆಯ ಕೆಳಗಡೆ ಕಾಯಿ ಬಿಡುವ ನೆಲ್ಲಿ ಎಂಬುದು ಇದರ ಅರ್ಥ. ರೈತರು ಕಿತ್ತು ಬದುವಿನ ಮೇಲೆ ಎಸೆಯುವ ಈ ಗಿಡ, ತಮಿಳುನಾಡಿನ ಸಿದ್ಧ ವೈದ್ಯರಿಗೆ ಕಾಮಾಲೆಯ ಮುಖ್ಯ ಮೂಲಿಕೆ. ಈ ಪದ್ಧತಿ ಯಾವುದು, ಇಂದು ಹೇಗೆ ನಡೆಯುತ್ತಿದೆ, ಅದರಲ್ಲಿ ಬೆಳೆಗಾರನ ಪಾತ್ರವೇನು ಎಂಬುದನ್ನು ಈ ಒಂದು ಗಿಡದ ಮೂಲಕವೇ ತಿಳಿಯಬಹುದು.

ಸಿದ್ಧ ಪದ್ಧತಿಯ ಪರಿಚಯ

ಸಿದ್ಧ ವೈದ್ಯವು ತಮಿಳು ನಾಡಿನಲ್ಲಿ ಹುಟ್ಟಿ ಬೆಳೆದ ಪದ್ಧತಿ. ಹದಿನೆಂಟು ಮಂದಿ ಸಿದ್ಧರು ಇದರ ಮೂಲಪುರುಷರೆಂದೂ, ಅಗಸ್ತ್ಯರು ಅವರಲ್ಲಿ ಮೊದಲಿಗರೆಂದೂ ಪರಂಪರೆಯ ನಂಬಿಕೆ. ಗ್ರಂಥಗಳು ಬಹುಮಟ್ಟಿಗೆ ತಮಿಳು ಪದ್ಯಗಳಲ್ಲಿದ್ದು, ಓಲೆಗರಿಗಳ ಮೂಲಕ ಉಳಿದುಬಂದಿವೆ. ವಾತ, ಪಿತ್ತ, ಕಫಗಳ ಸಮತೋಲ ತಪ್ಪಿದಾಗ ರೋಗ ಬರುತ್ತದೆ ಎಂಬ ವಿಚಾರ ಆಯುರ್ವೇದದಲ್ಲಿರುವಂತೆ ಇಲ್ಲಿಯೂ ಇದೆ. ನಾಡಿ, ಸ್ಪರ್ಶ, ನಾಲಗೆ, ಮೈಬಣ್ಣ, ದನಿ, ಕಣ್ಣು, ಮಲ, ಮೂತ್ರ ಎಂಬ ಎಂಟು ಬಗೆಯ ಪರೀಕ್ಷೆಗಳಿಂದ ವೈದ್ಯನು ರೋಗವನ್ನು ನಿರ್ಣಯಿಸುತ್ತಾನೆ. ಮೂತ್ರದ ಮೇಲೆ ಒಂದು ಹನಿ ಎಳ್ಳೆಣ್ಣೆ ಬಿಟ್ಟು ಅದು ಹರಡುವ ರೀತಿಯನ್ನು ನೋಡುವುದು ಈ ಪದ್ಧತಿಯ ವೈಶಿಷ್ಟ್ಯ.

ಔಷಧಿಗಳಲ್ಲಿ ಒಳಗೆ ಸೇವಿಸುವವು 32 ಬಗೆ, ಹೊರಗೆ ಬಳಸುವವು 32 ಬಗೆ. ಕಷಾಯವನ್ನು ಸುಮಾರು 3 ಗಂಟೆಯೊಳಗೆ ಕುಡಿಯಬೇಕು, ಚೂರ್ಣವನ್ನು 3 ತಿಂಗಳೊಳಗೆ ಬಳಸಬೇಕು ಎಂಬ ಕಟ್ಟುಪಾಡುಗಳಿವೆ. ಮೂಲಿಕೆಗಳ ಜೊತೆಗೆ ಪಾದರಸ, ಗಂಧಕ ಮುಂತಾದ ಖನಿಜಗಳನ್ನೂ ಶುದ್ಧಿ ಮಾಡಿ ಉಪಯೋಗಿಸುತ್ತಾರೆ.

ಇಂದಿನ ವ್ಯವಸ್ಥೆ

ಹಿಂದೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬರುತ್ತಿದ್ದ ಈ ವಿದ್ಯೆಯನ್ನು ಈಗ ಕಾಲೇಜುಗಳಲ್ಲಿ ಕಲಿಸಲಾಗುತ್ತಿದೆ. ಪಾಳಯಂಕೋಟೆಯಲ್ಲಿ 1964ರಲ್ಲಿ ಸರಕಾರಿ ಸಿದ್ಧ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ಚೆನ್ನೈ ಬಳಿಯ ತಾಂಬರಂನಲ್ಲಿ ರಾಷ್ಟ್ರೀಯ ಸಿದ್ಧ ಸಂಸ್ಥೆಯು 2005ರಲ್ಲಿ ಉದ್ಘಾಟನೆಗೊಂಡಿತು. ಸಂಶೋಧನೆಗಾಗಿ 2010ರಲ್ಲಿ ಪ್ರತ್ಯೇಕ ಕೇಂದ್ರೀಯ ಪರಿಷತ್ತು ಏರ್ಪಟ್ಟಿತು. ಒಂದು ವರ್ಷದ ಆಸ್ಪತ್ರೆ ತರಬೇತಿಯೂ ಸೇರಿ ಪದವಿಯ ಅವಧಿ ಐದೂವರೆ ವರ್ಷ. ತಮಿಳುನಾಡಿನ ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ಸಿದ್ಧ ವಿಭಾಗಗಳಿವೆ. ಡೆಂಗೆ ಜ್ವರ ಹರಡಿದಾಗ ನೆಲಬೇವಿನ ಕಷಾಯವನ್ನೂ, 2020ರಲ್ಲಿ ಕೋವಿಡ್ ಬಂದಾಗ ಕಬಸುರ ಕಷಾಯವನ್ನೂ ಅಲ್ಲಿ ಜನರಿಗೆ ಹಂಚಲಾಯಿತು.

ಇಷ್ಟು ಔಷಧಿಗೆ ಬೇಕಾಗುವ ಸೊಪ್ಪು, ಬೇರು, ತೊಗಟೆಗಳು ಕಾಡಿನಿಂದ, ಬೀಳು ನೆಲದಿಂದ, ಹೊಲದಿಂದ ಬರಬೇಕು. ಗುಣದ ಪ್ರಶ್ನೆ ಪ್ರಾರಂಭವಾಗುವುದು ಇಲ್ಲಿಯೇ.

ನೆಲನೆಲ್ಲಿಯ ಪರೀಕ್ಷೆ

ಬಿ ಬಗೆಯ ಕಾಮಾಲೆಯ ವೈರಸ್ಸನ್ನು ಕೆಲವರು ಬಹುಕಾಲ ಮೈಯಲ್ಲಿ ಹೊತ್ತಿರುತ್ತಾರೆ. ಅವರಲ್ಲಿ ಕಣ್ಣು ಹಳದಿಯಾಗದಿದ್ದರೂ ಯಕೃತ್ತು ಕ್ರಮೇಣ ಕೆಡುವ ಭಯವಿರುತ್ತದೆ. ಮದರಾಸಿನ ವಿಜ್ಞಾನಿ ಎಸ್. ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಇಂತಹವರಿಗೆ ನೆಲನೆಲ್ಲಿಯ ಒಣಪುಡಿಯನ್ನು 200 ಮಿಲಿಗ್ರಾಂನಂತೆ ದಿನಕ್ಕೆ 3 ಬಾರಿ, 30 ದಿನ ಕೊಟ್ಟು ನೋಡಿದರು. ಈ ವೈರಸ್ಸನ್ನು ಕಂಡುಹಿಡಿದ ನೊಬೆಲ್ ಪುರಸ್ಕೃತ ಬ್ಲೂಂಬರ್ಗ್ ಅವರೂ ಈ ಕಾರ್ಯದಲ್ಲಿ ಭಾಗಿಯಾಗಿದ್ದರು. ಫಲಿತಾಂಶ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಡಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣಲಿಲ್ಲ. ಔಷಧವಿಲ್ಲದ ಪುಡಿ ಸೇವಿಸಿದ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಹೊಲದ ಕಳೆಯೊಂದು ಜಗತ್ತಿನ ಗಮನ ಸೆಳೆಯಿತು. ಆದರೆ ಥೈಲೆಂಡ್, ನೆದರ್ಲೆಂಡ್ಸ್, ನ್ಯೂಜಿಲೆಂಡ್ ಮುಂತಾದ ಕಡೆ ಪರೀಕ್ಷಿಸಿದಾಗ ಇಂತಹ ಫಲ ದೊರೆಯಲಿಲ್ಲ. ಗಿಡದ ಜಾತಿ, ಬೆಳೆದ ನೆಲ, ಕೊಯ್ದ ಕಾಲ ಬೇರೆಯಾದದ್ದು ಕಾರಣವಿರಬಹುದೇ ಎಂಬ ಚರ್ಚೆ ನಡೆಯಿತು. ಅನೇಕ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದಾಗಲೂ ನೆಲನೆಲ್ಲಿಯಿಂದ ಈ ವೈರಸ್ಸು ಹೋಗುತ್ತದೆಂಬ ಮಾತಿಗೆ ಬಲವಾದ ಆಧಾರ ಸಿಕ್ಕಿಲ್ಲ. ಇದರಿಂದ ಎರಡು ಪಾಠಗಳಿವೆ. ಹಳೆಯ ಔಷಧವೆಂದ ಮಾತ್ರಕ್ಕೆ ಪರೀಕ್ಷೆಯಿಲ್ಲದೆ ಒಪ್ಪಬಾರದು, ತಳ್ಳಿಹಾಕಲೂಬಾರದು. ಯಾವ ಗಿಡ ಎಂಬುದು ಖಚಿತವಾಗದೆ ಪರೀಕ್ಷೆಗೂ ಅರ್ಥವಿಲ್ಲ.

ಸರಿಯಾದ ಗಿಡದ ಗುರುತು

ನೆಲನೆಲ್ಲಿಯ ಶಾಸ್ತ್ರೀಯ ಹೆಸರು ಫಿಲಾಂಥಸ್ ಅಮಾರಸ್. ಸಂಗ್ರಹಿಸುವಾಗ ಇದರ ದಾಯಾದಿ ಗಿಡಗಳೂ ಚೀಲಕ್ಕೆ ಸೇರಿಬಿಡುತ್ತವೆ. ಗುರುತುಗಳು ಹೀಗಿವೆ:

1. ನಿಜವಾದ ನೆಲನೆಲ್ಲಿಯ ಕಾಯಿ ನುಣುಪಾಗಿದ್ದು, ಸಣ್ಣ ತೊಟ್ಟಿನಿಂದ ಜೋತಿರುತ್ತದೆ. ಕಾಂಡ ಹಸಿರು.

2. ಫಿಲಾಂಥಸ್ ಯೂರಿನೇರಿಯಾ ಎಂಬ ಗಿಡದ ಕಾಂಡದಲ್ಲಿ ಕೆಂಪು ಛಾಯೆ ಇರುತ್ತದೆ. ಕಾಯಿ ಒರಟಾಗಿದ್ದು ತೊಟ್ಟಿಲ್ಲದಂತೆ ಕಡ್ಡಿಗೆ ಅಂಟಿಕೊಂಡಿರುತ್ತದೆ.

3. ಫಿಲಾಂಥಸ್ ಮದರಾಸ್‌ಪಟೆನ್ಸಿಸ್ ಗಿಡದ ಎಲೆ ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗಿರುತ್ತದೆ. ಹುಣಸೆ ಎಲೆಯ ಹೋಲಿಕೆ ಇಲ್ಲಿ ಕಾಣುವುದಿಲ್ಲ.

ಗಿಡ ಒಣಗಿ ಪುಡಿಯಾದ ಮೇಲೆ ಈ ಭೇದವನ್ನು ಕಣ್ಣಿನಿಂದ ತಿಳಿಯಲಾಗದು. ಆದ್ದರಿಂದ ಹಸಿಯಾಗಿರುವಾಗಲೇ ಹೊಲದಲ್ಲಿ ಬೇರ್ಪಡಿಸಬೇಕು. ಸಂಶಯವಿದ್ದಲ್ಲಿ ಹೂ, ಕಾಯಿಗಳಿರುವ ಇಡೀ ಗಿಡವನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸುವುದು ಉತ್ತಮ.

ಬೆಳೆಯುವುದು ಮತ್ತು ಒಣಗಿಸುವುದು

ಬೀಜ ಅತಿ ಸಣ್ಣದು. ಮರಳಿನೊಡನೆ ಬೆರೆಸಿ ಸಸಿಮಡಿಯಲ್ಲಿ ತೆಳ್ಳಗೆ ಚೆಲ್ಲಬೇಕು. ಸಸಿಗಳು 10ರಿಂದ 15 ಸೆಂ.ಮೀ. ಬೆಳೆದಾಗ ನಾಟಿ ಮಾಡಬಹುದು. ನೀರು ನಿಲ್ಲಬಾರದು. ನಾಟಿಯಾದ ಸುಮಾರು 80ರಿಂದ 100 ದಿನಗಳಲ್ಲಿ, ಗಿಡ ಇನ್ನೂ ಹಸಿರಾಗಿರುವಾಗಲೇ ಕೊಯ್ಲು ಮಾಡಬೇಕು. ಫಿಲಾಂಥಿನ್ ಮೊದಲಾದ ಸತ್ವಗಳು ಎಲೆಯಲ್ಲಿಯೇ ಹೆಚ್ಚು. ಗಿಡ ಬಲಿತು ಎಲೆ ಉದುರಿದರೆ ಉಳಿಯುವುದು ಬರಿಯ ಕಡ್ಡಿ.

ಕಿತ್ತ ಗಿಡಗಳ ಮಣ್ಣು ತೊಳೆದು, ಗಾಳಿಯಾಡುವ ನೆರಳಿನಲ್ಲಿ ಶುಚಿಯಾದ ಬಟ್ಟೆ ಅಥವಾ ಟಾರ್ಪಾಲಿನ ಮೇಲೆ ಹರಡಬೇಕು. ಒಣಗಿದಂತೆ ಎಲೆ ಉದುರುವುದರಿಂದ ಅವನ್ನೂ ಕೂಡಿಸಿಕೊಳ್ಳಬೇಕು. ರಸ್ತೆಯ ಮೇಲೆ ಒಣಗಿಸಕೂಡದು. ಅರೆ ಒಣಗಿದ ಗಿಡವನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಕಳೆನಾಶಕ, ಕೀಟನಾಶಕ ಸಿಂಪಡಿಸಿದ ಹೊಲ, ಹೆದ್ದಾರಿಯ ಅಂಚು, ಕೊಳಚೆ ಕಾಲುವೆಯ ದಂಡೆ ಇಲ್ಲಿಂದ ಔಷಧಿಗೆಂದು ಗಿಡ ಕೀಳಲೇಬಾರದು. ಅಲ್ಲಿಯ ವಿಷ ರೋಗಿಯ ಹೊಟ್ಟೆಗೆ ಹೋಗುತ್ತದೆ.

ಕೊಳ್ಳುವವರು ಯಾರು, ಬೆಲೆ ಎಷ್ಟು ಎಂಬುದು ಖಚಿತವಾಗದೆ ಎಕರೆಗಟ್ಟಲೆ ಹಾಕುವುದು ಬೇಡ. ಮೊದಲು ಒಂದೆರಡು ಗುಂಟೆಯಲ್ಲಿ ಬೆಳೆದು, ಮಾದರಿ ತೋರಿಸಿ, ಬರಹದಲ್ಲಿ ಒಪ್ಪಂದ ಮಾಡಿಕೊಂಡು ಮುಂದುವರಿಯಬೇಕು.

ಕಾಮಾಲೆ ಬಂದಾಗ

ಗಿಡ ಹೊಲದಲ್ಲಿಯೇ ಇದೆ ಎಂದು ಮನೆಯಲ್ಲಿಯೇ ಅರೆದು ಕುಡಿಸಿ ದಿನ ಕಳೆಯುವುದು ಅಪಾಯಕರ. ಕಾಮಾಲೆ ಒಂದೇ ರೋಗವಲ್ಲ. ಅನೇಕ ರೋಗಗಳ ಲಕ್ಷಣ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಆಗ ಕುಡಿದ ಔಷಧಿಗೆ ಹೆಸರು ಬರುತ್ತದೆ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಬಂದದ್ದು ಹಾಗೆ ಹೋಗದು. ಗದ್ದೆಯ ನೀರಿಗೆ ಸೇರಿದ ಇಲಿಯ ಮೂತ್ರದಿಂದ ಬರುವ ಇಲಿಜ್ವರದಲ್ಲಿಯೂ ಕಣ್ಣು ಹಳದಿಯಾಗುತ್ತದೆ. ತಡಮಾಡಿದರೆ ಮೂತ್ರಪಿಂಡ ಕೆಡುತ್ತದೆ. ಗರ್ಭಿಣಿಗೆ ಕಾಮಾಲೆ ಬಂದರೆ ಒಂದು ದಿನವೂ ಕಾಯಬಾರದು. ಮಂಪರು, ತಡೆಯಿಲ್ಲದ ವಾಂತಿ, ರಕ್ತಸ್ರಾವ, ಮೂತ್ರ ಕಡಿಮೆಯಾಗುವುದು ಇವು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಮೊದಲು ರಕ್ತಪರೀಕ್ಷೆ, ಅನಂತರ ಔಷಧಿ. ಸಿದ್ಧ ಔಷಧಿಯೇ ಬೇಕೆನ್ನುವವರು ಪದವಿ ಪಡೆದು ನೋಂದಾಯಿತರಾದ ವೈದ್ಯರಿಂದಲೇ ಪಡೆಯಬೇಕು. ಜಾತ್ರೆ, ಸಂತೆಗಳಲ್ಲಿ ಚೀಟಿಯಿಲ್ಲದೆ ಮಾರುವ ಭಸ್ಮ, ಸಿಂಧೂರಗಳನ್ನು ಕೊಳ್ಳಬಾರದು. ಸರಿಯಾಗಿ ಸಿದ್ಧಪಡಿಸದ ಪಾದರಸ, ಸೀಸ ದೇಹದಲ್ಲಿ ಉಳಿದು ಹಾನಿ ಮಾಡುತ್ತವೆ. ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಚೀಟಿಯಲ್ಲಿ ಇರಲೇಬೇಕು. ಬಿ ಬಗೆಯ ಕಾಮಾಲೆಯನ್ನು ತಡೆಯುವ ಲಸಿಕೆಯನ್ನು ಸರಕಾರಿ ಆಸ್ಪತ್ರೆಗಳಲ್ಲಿ ಮಗು ಹುಟ್ಟಿದ 24 ಗಂಟೆಯೊಳಗೆ ಉಚಿತವಾಗಿ ಹಾಕುತ್ತಾರೆ, ಇದನ್ನು ತಪ್ಪಿಸಬಾರದು.

ವೈದ್ಯನು ರೋಗಿಯ ನಾಡಿಯನ್ನು ನೋಡಬಲ್ಲ; ಚೀಲದಲ್ಲಿ ಬಂದ ಗಿಡ ಯಾವ ಹೊಲದ್ದು, ಅದಕ್ಕೆ ಏನು ಸಿಂಪಡಿಸಿತ್ತು ಎಂಬುದನ್ನು ಬೆಳೆದವನೇ ಹೇಳಬೇಕು. ಮೂಲಿಕೆ ಬೆಳೆಯುವ ರೈತರು ಪ್ರತಿ ಚೀಲಕ್ಕೂ ಗಿಡದ ಹೆಸರು, ಹೊಲದ ಗುರುತು, ಕೊಯ್ದ ದಿನಾಂಕ ಬರೆದ ಚೀಟಿ ಕಟ್ಟುವುದನ್ನು ಈ ಹಂಗಾಮಿನಿಂದಲೇ ರೂಢಿ ಮಾಡಿಕೊಳ್ಳಬೇಕು.