ಗಡಿ ದಾಟಿ ಬಂದ ಸರಕು ಮತ್ತು ನಮ್ಮ ತೆರಿಗೆ

(ಕಬಕದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತೆರಿಗೆ ಎಂದರೆ ಅದು ದೊಡ್ಡ ವ್ಯಾಪಾರಿಗಳ ಮತ್ತು ಲೆಕ್ಕಪರಿಶೋಧಕರ ವಿಷಯ ಎಂಬ ಭಾವನೆ ನಮ್ಮಲ್ಲಿದೆ. ಆದರೆ ಮೊಬೈಲ್‌ನಲ್ಲಿ ಒಂದು ಚಪ್ಪಲಿ ತರಿಸಿಕೊಳ್ಳುವ ವಿದ್ಯಾರ್ಥಿಯೂ ತೆರಿಗೆ ಕೊಡುತ್ತಾನೆ. ಆ ಹಣ ಯಾವ ರಾಜ್ಯಕ್ಕೆ ಹೋಗುತ್ತದೆ, ಯಾರು ಕಟ್ಟುತ್ತಾರೆ ಎಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಕಬಕದವರಾದ ನಾವು ಇದನ್ನು ತಿಳಿಯಲೇಬೇಕು. ಇಲ್ಲಿಂದ ವಿಟ್ಲ ದಾಟಿ ಸಾರಡ್ಕಕ್ಕೆ ಹೋದರೆ ಕೇರಳದ ಗಡಿ. ಆಚೆ ಪೆರ್ಲ, ಬದಿಯಡ್ಕಗಳಲ್ಲಿ ನಮ್ಮ ನೆಂಟರಿದ್ದಾರೆ, ಗಿರಾಕಿಗಳಿದ್ದಾರೆ. ನಮಗೆ ಹೊರರಾಜ್ಯ ಎನ್ನುವುದು ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಈ ಗಡಿ ಹಿಂದೆ ಇರಲಿಲ್ಲ. 1956ರ ನವೆಂಬರ್ 1ರ ತನಕ ಪುತ್ತೂರು, ಕಾಸರಗೋಡು ಎರಡೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕುಗಳು. 1939ರ ಮದರಾಸು ಸಾಮಾನ್ಯ ಮಾರಾಟ ತೆರಿಗೆ ಕಾನೂನೇ ಎರಡು ಕಡೆಗೂ ಅನ್ವಯಿಸುತ್ತಿತ್ತು. ರಾಜ್ಯ ಪುನರ್ವಿಂಗಡಣೆಯಾದಾಗ ಪುತ್ತೂರು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಒಂದೇ ಮನೆಯ ಅಣ್ಣತಮ್ಮಂದಿರ ಅಂಗಡಿಗಳು ಎರಡು ಸರಕಾರಗಳ ತೆರಿಗೆಗೆ ಒಳಪಟ್ಟವು.

ಹಳೆಯ ವ್ಯವಸ್ಥೆ

ಸರಕು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದರೆ ತೆರಿಗೆ ಯಾರದು? ಈ ಪ್ರಶ್ನೆ 1950ರ ದಶಕದಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1955ರ ಬೆಂಗಾಲ್ ಇಮ್ಯುನಿಟಿ ಪ್ರಕರಣದಲ್ಲಿ, ಸಂಸತ್ತು ಕಾನೂನು ಮಾಡುವವರೆಗೆ ಅಂತರರಾಜ್ಯ ಮಾರಾಟದ ಮೇಲೆ ಸರಕು ತಲುಪಿದ ರಾಜ್ಯ ತೆರಿಗೆ ಹಾಕುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಮರುವರ್ಷ ಸಂವಿಧಾನದ 6ನೇ ತಿದ್ದುಪಡಿಯೂ ಕೇಂದ್ರ ಮಾರಾಟ ತೆರಿಗೆ ಕಾಯಿದೆಯೂ ಬಂದವು. ಈ ಕಾಯಿದೆಯ ಹೆಸರಿನಲ್ಲಿ 'ಕೇಂದ್ರ' ಎಂದಿದ್ದರೂ ಹಣ ಇಟ್ಟುಕೊಳ್ಳುತ್ತಿದ್ದುದು ಮಾರುವವನ ರಾಜ್ಯ. ವ್ಯಾಪಾರಿಯಿಂದ ವ್ಯಾಪಾರಿಗೆ 'ಸಿ' ಫಾರಂ ಮೇಲೆ ನಡೆಯುವ ಮಾರಾಟಕ್ಕೆ ಇದ್ದ ಶೇಕಡಾ 4ರ ದರ 2007ರಲ್ಲಿ 3ಕ್ಕೂ 2008ರಲ್ಲಿ 2ಕ್ಕೂ ಇಳಿಯಿತು. ಕೊಂಡು ಬಳಸುವವನ ರಾಜ್ಯಕ್ಕೆ ಇದರಲ್ಲಿ ಪಾಲು ಇರಲಿಲ್ಲ.

ಆ ನಷ್ಟ ತುಂಬಲು ರಾಜ್ಯಗಳು ಪ್ರವೇಶ ತೆರಿಗೆಯ ದಾರಿ ಹಿಡಿದವು. ಕರ್ನಾಟಕದಲ್ಲಿ ಇದಕ್ಕಾಗಿ 1979ರ ಕಾನೂನು ಇತ್ತು. ಮೌಲ್ಯವರ್ಧಿತ ತೆರಿಗೆ, ಅಂದರೆ ವ್ಯಾಟ್, 2005ರ ಏಪ್ರಿಲ್ 1ರಂದು ಬಂದಾಗಲೂ ಅಂತರರಾಜ್ಯ ಮಾರಾಟದ ಈ ಸಮಸ್ಯೆ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಆನ್‌ಲೈನ್ ವ್ಯಾಪಾರ ಬೆಳೆಯಿತು. ದಿಲ್ಲಿಯ ವ್ಯಾಪಾರಿ ಕಬಕದ ಗಿರಾಕಿಗೆ ನೇರವಾಗಿ ಕಳುಹಿಸಿದ ವಸ್ತುವಿನ ತೆರಿಗೆ ದಿಲ್ಲಿಯಲ್ಲೇ ಉಳಿಯುತ್ತಿತ್ತು. ಪುತ್ತೂರು ಪೇಟೆಯ ಅಂಗಡಿಯವನು ಅದೇ ವಸ್ತುವಿಗೆ ಕರ್ನಾಟಕದ ವ್ಯಾಟ್ ಕಟ್ಟಬೇಕಿತ್ತು. 2014ರಲ್ಲಿ ಬೆಂಗಳೂರಿನ ಬಳಿಯ ಅಮೆಜಾನ್ ಗೋದಾಮಿನಲ್ಲಿ ಸರಕು ಇಟ್ಟು ಮಾರುವ ವ್ಯಾಪಾರಿಗಳ ನೋಂದಣಿಯ ಬಗ್ಗೆ ನಮ್ಮ ವಾಣಿಜ್ಯ ತೆರಿಗೆ ಇಲಾಖೆಯೇ ತಕರಾರು ಎತ್ತಿತ್ತು. ಬೇರೆ ಕೆಲವು ರಾಜ್ಯಗಳು ಆನ್‌ಲೈನ್ ಖರೀದಿಗೂ ಪ್ರವೇಶ ತೆರಿಗೆ ಹಾಕಿದವು. ರಾಜ್ಯಗಳಿಗೆ ಪ್ರವೇಶ ತೆರಿಗೆ ಹಾಕುವ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2016ರ ನವೆಂಬರ್‌ನಲ್ಲಿ ಬಹುಮತದಿಂದ ತೀರ್ಪು ಕೊಟ್ಟಿತು. ಆದರೆ ಕೆಲವೇ ತಿಂಗಳಲ್ಲಿ ಪ್ರವೇಶ ತೆರಿಗೆಯ ಕಾಲವೇ ಮುಗಿಯಿತು.

ಇಂದಿನ ವ್ಯವಸ್ಥೆ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಜಿಎಸ್‌ಟಿ ಜಾರಿಯಾಯಿತು. ಬಳಕೆ ಎಲ್ಲಿಯೋ ತೆರಿಗೆ ಅಲ್ಲಿಗೆ ಎಂಬುದು ಇದರ ಮೂಲತತ್ವ. ಒಂದು ಲೆಕ್ಕ ನೋಡಿ. 10,000 ರೂಪಾಯಿ ಬೆಲೆಯ ಮೊಬೈಲಿಗೆ ಶೇಕಡಾ 18ರಂತೆ 1,800 ರೂಪಾಯಿ ತೆರಿಗೆ. ಪುತ್ತೂರಿನ ಅಂಗಡಿಯಲ್ಲಿ ಕೊಂಡರೆ ಬಿಲ್ಲಿನಲ್ಲಿ ಸಿಜಿಎಸ್‌ಟಿ 900, ಎಸ್‌ಜಿಎಸ್‌ಟಿ 900 ಎಂದು ಎರಡು ಸಾಲು ಇರುತ್ತದೆ. ಮೊದಲನೆಯದು ಕೇಂದ್ರಕ್ಕೆ, ಎರಡನೆಯದು ಕರ್ನಾಟಕಕ್ಕೆ. ಅದೇ ಮೊಬೈಲನ್ನು ಕೇರಳದ ವ್ಯಾಪಾರಿಯಿಂದ ಆನ್‌ಲೈನ್‌ನಲ್ಲಿ ಕಬಕದ ಮನೆಗೆ ತರಿಸಿದರೆ ಐಜಿಎಸ್‌ಟಿ 1,800 ಎಂದು ಒಂದೇ ಸಾಲು. ಇದನ್ನು ಕೇಂದ್ರ ಸಂಗ್ರಹಿಸಿ ರಾಜ್ಯದ ಭಾಗವನ್ನು ಕರ್ನಾಟಕಕ್ಕೆ ಕೊಡುತ್ತದೆ, ಕೇರಳಕ್ಕಲ್ಲ. ಹೊರರಾಜ್ಯದಿಂದ ತರಿಸಿದರೆ ತೆರಿಗೆ ಕಡಿಮೆ ಎಂಬ ಮಾತಿಗೆ ಈಗ ಅರ್ಥವಿಲ್ಲ. ಬೆಲೆಯಲ್ಲಿ ವ್ಯತ್ಯಾಸ ಕಂಡರೆ ಅದು ವ್ಯಾಪಾರದ ರಿಯಾಯಿತಿ, ಅಷ್ಟೆ.

ಕಾಸರಗೋಡಿನ ಅಂಗಡಿಗೆ ನಾವೇ ಹೋಗಿ ಕೊಂಡು ತಂದರೆ? 2023ರ ಅಕ್ಟೋಬರ್ 1ರಿಂದ ಇದಕ್ಕೂ ಸ್ಪಷ್ಟ ನಿಯಮವಿದೆ. ನೋಂದಣಿ ಇಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿದ್ದರೆ ತೆರಿಗೆ ಆ ವಿಳಾಸದ ರಾಜ್ಯಕ್ಕೆ, ಇಲ್ಲದಿದ್ದರೆ ಅಂಗಡಿಯ ರಾಜ್ಯಕ್ಕೆ. ರಾಜ್ಯದ ಹೆಸರೊಂದನ್ನು ಬರೆದರೂ ಸಾಕು. ಮದುವೆಯ ಬಟ್ಟೆ, ಫ್ರಿಜ್ ಮುಂತಾದವನ್ನು ಗಡಿಯಾಚೆ ಕೊಳ್ಳುವಾಗ 'ಕರ್ನಾಟಕ' ಎಂದು ಬರೆಸಿಕೊಳ್ಳಿ. ನಿಮಗೆ ಒಂದು ಪೈಸೆ ಹೆಚ್ಚಾಗುವುದಿಲ್ಲ, ನಮ್ಮ ರಾಜ್ಯದ ಪಾಲು ನಮ್ಮ ರಾಜ್ಯಕ್ಕೆ ಬರುತ್ತದೆ.

ಇದೆಲ್ಲದರಲ್ಲಿ ಸಾಮಾನ್ಯ ಗಿರಾಕಿ ಯಾವ ಅರ್ಜಿಯನ್ನೂ ತುಂಬಬೇಕಾಗಿಲ್ಲ. ಅಮೆರಿಕಾದಲ್ಲಿ ಹಾಗಲ್ಲ. ಹೊರರಾಜ್ಯದ ವ್ಯಾಪಾರಿ ಮಾರಾಟ ತೆರಿಗೆ ವಸೂಲು ಮಾಡದಿದ್ದರೆ ಅಲ್ಲಿ ಕೊಂಡವನೇ 'ಬಳಕೆ ತೆರಿಗೆ' ಲೆಕ್ಕ ಹಾಕಿ ತನ್ನ ರಾಜ್ಯಕ್ಕೆ ಕಟ್ಟಬೇಕು. ಹೆಚ್ಚಿನವರು ಕಟ್ಟುತ್ತಿರಲಿಲ್ಲ. ರಾಜ್ಯದೊಳಗೆ ಅಂಗಡಿ, ಗೋದಾಮು ಇಲ್ಲದ ವ್ಯಾಪಾರಿಯ ಮೇಲೆ ವಸೂಲಿಯ ಹೊಣೆ ಹೊರಿಸುವಂತಿಲ್ಲ ಎಂದು 1992ರಲ್ಲಿ ಹೇಳಿದ್ದ ಅಲ್ಲಿನ ಸುಪ್ರೀಂ ಕೋರ್ಟು 2018ರ ಜೂನ್‌ನಲ್ಲಿ ವೇಫೇರ್ ಪ್ರಕರಣದಲ್ಲಿ ಆ ಮಾತನ್ನು ಬದಲಾಯಿಸಿತು. ಗಲ್ಫ್‌ನಲ್ಲಿ ದುಡಿಯುವ ನಮ್ಮವರೂ ಈಗ ತೆರಿಗೆ ಕೊಟ್ಟೇ ಕೊಳ್ಳುತ್ತಾರೆ. 2018ರ ಜನವರಿ 1ರಂದು ಯುಎಇ ಮತ್ತು ಸೌದಿಯಲ್ಲಿ ಶೇಕಡಾ 5ರ ವ್ಯಾಟ್ ಆರಂಭವಾಯಿತು, ಸೌದಿಯಲ್ಲಿ 2020ರ ಜುಲೈಯಲ್ಲಿ ಅದು 15ಕ್ಕೆ ಏರಿತು.

ಜಿಎಸ್‌ಟಿಯ ಹೊರಗೆ ಉಳಿದಿರುವ ಒಂದು ವಸ್ತು ಪೆಟ್ರೋಲ್. ಅದರ ಮೇಲೆ ಇಂದಿಗೂ ರಾಜ್ಯದ ಮಾರಾಟ ತೆರಿಗೆಯೇ ಇದೆ. ಕರ್ನಾಟಕ 2024ರ ಜೂನ್‌ನಲ್ಲಿ ಈ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ ಏರಿಸಿತು. ಹಾಗಿದ್ದರೂ ಕೇರಳದ ದರ ಇನ್ನೂ ಹೆಚ್ಚು. ಆದುದರಿಂದ ಆಚೆಯ ವಾಹನಗಳು ಈಚೆಗೆ ಬಂದು ಟ್ಯಾಂಕ್ ತುಂಬಿಸಿಕೊಳ್ಳುತ್ತವೆ. ಹಳೆಯ ಪದ್ಧತಿ ಹೇಗಿತ್ತೆಂದು ತಿಳಿಯಲು ತಲಪಾಡಿ ಗಡಿಯ ಪೆಟ್ರೋಲ್ ಬಂಕ್ ನೋಡಿದರೆ ಸಾಕು.

ಮಾರುವವರಿಗೆ ಎಚ್ಚರಿಕೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಅನೇಕ ಸಹೋದರಿಯರು, ವಿದ್ಯಾರ್ಥಿನಿಯರು ಮನೆಯಲ್ಲೇ ಬಟ್ಟೆ ಹೊಲಿದು, ತಿಂಡಿ ಮಾಡಿ ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂಲಕ ಮಾರುತ್ತಿದ್ದಾರೆ. ಸಂತೋಷದ ವಿಷಯ. ಸರಕುಗಳ ವ್ಯಾಪಾರದಲ್ಲಿ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ರಾಜ್ಯದ ಒಳಗೆ ಮಾರಲು ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ಈ ಮಿತಿ ರಕ್ಷಣೆ ಕೊಡುವುದಿಲ್ಲ. ಕಬಕದಿಂದ ಬೆಳಗಾವಿಗೆ ಒಂದು ಅಂಗಿ ಕಳುಹಿಸಬಹುದು, ಬದಿಯಡ್ಕದ ಗಿರಾಕಿಗೆ ಕಳುಹಿಸಬೇಕಾದರೆ ಮೊದಲ ಅಂಗಿಗೇ ನೋಂದಣಿ ಬೇಕು! ಸರಕಾರ ಪಟ್ಟಿ ಮಾಡಿದ ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ಷರತ್ತಿನ ಮೇಲೆ ವಿನಾಯಿತಿ ಇದೆ. ಗಡಿನಾಡಿನ ಸಣ್ಣ ವ್ಯಾಪಾರಿಗೆ ಈ ನಿಯಮ ಕಠಿಣ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇದನ್ನು ಸಡಿಲಿಸಬೇಕೆಂದು ನಮ್ಮ ಜನಪ್ರತಿನಿಧಿಗಳ ಮೂಲಕ ಜಿಎಸ್‌ಟಿ ಮಂಡಳಿಗೆ ತಿಳಿಸಬೇಕು. ಆದರೆ ನಿಯಮ ಇರುವ ತನಕ ಪಾಲಿಸಬೇಕು. ನೋಂದಣಿಗೆ ಸರಕಾರಿ ಶುಲ್ಕವಿಲ್ಲ.

ಲೆಕ್ಕ ಇಡದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜುಲೈಯಲ್ಲಿ ಕಂಡಿದ್ದೇವೆ. ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದಾಗ ಹಾಲು, ತರಕಾರಿ ಮಾರುವವರೂ ಗಾಬರಿಯಾದರು. ತಾಜಾ ಹಾಲು, ತರಕಾರಿಗಳಿಗೆ ತೆರಿಗೆಯೇ ಇಲ್ಲ. ಆದರೆ ತಾನು ಮಾರಿದ್ದು ಅದೇ ಎಂದು ತೋರಿಸಲು ಒಂದು ಪುಸ್ತಕ ಬೇಕಲ್ಲ? ನಮ್ಮ ವಿದ್ಯಾರ್ಥಿಗಳು ಇಲ್ಲಿ ಉಪಯೋಗಕ್ಕೆ ಬರಬಹುದು. ತಂದೆಯ ಅಂಗಡಿಯ ದಿನದ ಲೆಕ್ಕವನ್ನು ತೆರಿಗೆ ಇರುವುದು, ಇಲ್ಲದಿರುವುದು ಎಂದು ಎರಡು ಕಲಮುಗಳಲ್ಲಿ ಬರೆದಿಡಿ. ಕಾಮರ್ಸ್ ಓದುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ.

ಬಿಲ್ಲು ಕೇಳಿ, ಬಿಲ್ಲು ಓದಿ

'ಬಿಲ್ಲು ಬೇಡದಿದ್ದರೆ ಇನ್ನೂರು ಕಡಿಮೆ' ಎಂಬ ಮಾತು ನೀವೆಲ್ಲ ಕೇಳಿದ್ದೀರಿ. ಆ ಇನ್ನೂರು ರೂಪಾಯಿಗೆ ನೀವು ಕಳೆದುಕೊಳ್ಳುವುದು ಬಹಳ. ವಸ್ತು ಕೆಟ್ಟರೆ ವಾರಂಟಿ ಇಲ್ಲ, ದೂರಿಗೆ ಆಧಾರವಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಮಾರಿದವನು ದಿಲ್ಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಅದು ಮಂಗಳೂರಿನಲ್ಲಿದೆ. ಆದರೆ ಕೈಯಲ್ಲಿ ಬಿಲ್ಲು ಬೇಕು.

ಬಿಲ್ಲಿನಲ್ಲಿ ಮೂರು ವಿಷಯ ನೋಡಿ. ಮೊದಲನೆಯದು, 15 ಅಕ್ಷರ-ಅಂಕೆಗಳ ಜಿಎಸ್‌ಟಿ ಸಂಖ್ಯೆ. ಅದರ ಮೊದಲ ಎರಡು ಅಂಕೆ ವ್ಯಾಪಾರಿಯ ರಾಜ್ಯ: ಕರ್ನಾಟಕ 29, ಕೇರಳ 32, ದಿಲ್ಲಿ 07. ಸಂಖ್ಯೆ ನಿಜವೇ ಎಂದು ಜಿಎಸ್‌ಟಿ ಜಾಲತಾಣದಲ್ಲಿ ಯಾರೂ ಪರಿಶೀಲಿಸಬಹುದು. ಎರಡನೆಯದು, ಸರಕು ತಲುಪುವ ವಿಳಾಸ ಸರಿಯಾಗಿದೆಯೇ ಎಂಬುದು. ಮೂರನೆಯದು ತೆರಿಗೆಯ ದರ. 2025ರ ಸೆಪ್ಟೆಂಬರ್ 22ರಿಂದ ಅನೇಕ ದರಗಳು ಇಳಿದಿವೆ. ಶಾಲೆಯ ನೋಟ್ ಪುಸ್ತಕಕ್ಕೆ ತೆರಿಗೆಯೇ ಇಲ್ಲ, 2,500 ರೂಪಾಯಿ ತನಕದ ಉಡುಪಿಗೆ ಶೇಕಡಾ 5. ನೋಂದಣಿ ಇಲ್ಲದ ಅಂಗಡಿಯವನು ಜಿಎಸ್‌ಟಿ ಎಂದು ಹಣ ಕೇಳುವಂತೆಯೇ ಇಲ್ಲ. ಅಂಥ ಹಣ ಸರಕಾರಕ್ಕೆ ಹೋಗುವುದಿಲ್ಲ.

ಬಂಧುಗಳೇ, ಇಂಥ ತೆರಿಗೆ ಬಡವನ ಮೇಲೂ ಶ್ರೀಮಂತನ ಮೇಲೂ ಒಂದೇ ದರದಲ್ಲಿ ಬೀಳುತ್ತದೆ ಎಂಬ ಆಕ್ಷೇಪ ಇದೆ, ಅದು ಸರಿಯೂ ಹೌದು. ಆದರೆ ಒಮ್ಮೆ ನಮ್ಮ ಜೇಬಿನಿಂದ ಹೋದ ಮೇಲೆ ಆ ಹಣ ಬೊಕ್ಕಸ ಸೇರಬೇಕೇ ಹೊರತು ನಡುವಿನವನ ಕಿಸೆಯನ್ನಲ್ಲ. ನಮ್ಮ ಸರಕಾರಿ ಶಾಲೆ, ತಾಲೂಕು ಆಸ್ಪತ್ರೆ, ವಿದ್ಯಾರ್ಥಿವೇತನ ನಡೆಯುವುದು ಅದರಿಂದಲೇ. ಇವು ಸಾಲದು ಎಂದು ಸರಕಾರವನ್ನು ಕೇಳುವಾಗ, ನಾವು ಕೊಟ್ಟಿದ್ದೇವೆ ಎಂದು ತೋರಿಸುವ ಚೀಟಿ ನಮ್ಮ ಕೈಯಲ್ಲಿರಲಿ.